ಮರದ ಹಿಡಿಯ ರೈಫಲ್

ಎರಡು ರೈಫಲ್‌ಗಳ ಚಿತ್ರ ಪಕ್ಕಪಕ್ಕ ನೋಡಿದೆ. ಎಆರ್-15 ಕಪ್ಪಗೆ, ಸಿಪಾಯಿಯ ಕೈಯದರಂತಿತ್ತು. ಮರದ ಹಿಡಿಯ ರೂಗರ್ ಮಿನಿ-14, ನಿಜ ಹೇಳಬೇಕೆಂದರೆ, ನನಗೂ ಸಾಧುವಾಗಿಯೇ ಕಂಡಿತು. ಆದರೆ ಎರಡೂ ಹಾರಿಸುವುದು ಪಾಯಿಂಟ್ 223 ಅಳತೆಯ ಗುಂಡನ್ನೇ. ಎರಡರಲ್ಲೂ ಟ್ರಿಗರ್ ಒತ್ತಿದಷ್ಟು ಸಲ ಗುಂಡು ಹಾರುತ್ತದೆ. ಹಿತ್ತಾಳೆ ತಪ್ಪಲೆಯಾದರೇನು, ಸ್ಟೀಲ್ ಪಾತ್ರೆಯಾದರೇನು, ಕುದಿಯುವ ನೀರು ಒಂದೇ ಅಲ್ಲವೆ?

1989ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಬ್ಬ ಯುವಕ ಸಣ್ಣ ಬೇಟೆಗೆಂದು ಹೇಳಿ ಅಂಗಡಿಯಲ್ಲಿ ಮಿನಿ-14 ಕೊಂಡ. ಡಿಸೆಂಬರ್ 6ರ ಸಂಜೆ ಇಂಜಿನಿಯರಿಂಗ್ ಕಾಲೇಜಿನ ತರಗತಿಗೆ ನುಗ್ಗಿ, ಗಂಡಸರನ್ನು ಹೊರಗೆ ಕಳಿಸಿ, ಉಳಿದ ಹುಡುಗಿಯರ ಮೇಲೆ ಗುಂಡು ಹಾರಿಸಿದ. ಆ ಸಂಜೆ ಕಾಲೇಜಿನಲ್ಲಿ ಅವನು ಕೊಂದದ್ದು 14 ಮಂದಿಯನ್ನು, ಎಲ್ಲರೂ ಹೆಂಗಸರೇ.

ಇಷ್ಟಾದ ಮೇಲೂ ನೆರೆಯ ಅಮೆರಿಕ 1994ರಲ್ಲಿ ರೈಫಲ್ ನಿಷೇಧಿಸಲು ಹೊರಟಾಗ ಹೆಚ್ಚಾಗಿ ನೋಡಿದ್ದು ಹೊರಗಿನ ಲಕ್ಷಣಗಳನ್ನೇ: ಪಿಸ್ತೂಲಿನಂಥ ಹಿಡಿ, ಬಯೊನೆಟ್ ಸಿಕ್ಕಿಸುವ ಜಾಗ, ಇಂಥವು. ಮಡಚಲಾಗದ ಹಿಡಿಯ ಮಿನಿ-14ಕ್ಕೆ ಹೆಸರು ಹಿಡಿದೇ ವಿನಾಯಿತಿ ಕೊಟ್ಟರು. 2004ರಲ್ಲಿ ಆ ನಿಷೇಧವೂ ಮುಗಿಯಿತು.

ಮಾಂಟ್ರಿಯಲ್‌ನಲ್ಲಿ ಬದುಕುಳಿದವರು, ಮಗಳನ್ನು ಕಳೆದುಕೊಂಡ ತಾಯಿ ತಂದೆಯರು ಸರ್ಕಾರವನ್ನು ಕೇಳುತ್ತಲೇ ಬಂದರು. ಕೆನಡಾ ಮಿನಿ-14 ಅನ್ನು ನಿಷೇಧಿಸಿದ್ದು 2020ರ ಮೇ 1ರಂದು.