ಕಡಲಂಚಿನ ಪೈನ್ ತೋಪು, ಅದರ ನೆರಳಿನ ಟೆಂಟುಗಳು

ಜಪಾನಿನ ಹಳ್ಳಿಗಾಡಿನ ಕರಾವಳಿಯಲ್ಲಿ ಟೆಂಟ್ ಹಾಕಿ ತಂಗಲು ಬಿಟ್ಟಿರುವ ಜಾಗಗಳಲ್ಲಿ ಎಷ್ಟೋ ಕಪ್ಪು ಪೈನ್ ಮರಗಳ ತೋಪಿನೊಳಗೋ ಅದರ ಅಂಚಿಗೋ ಇವೆ. ಅಲ್ಲಿನ ಏರ್ಪಾಡು ತೀರಾ ಸರಳ. ನಲ್ಲಿಗಳಿರುವ ಒಂದು ಅಡುಗೆ ಚಪ್ಪರ, ಶೌಚಾಲಯ, ಬೇಸಿಗೆಯಲ್ಲಿ ಮಾತ್ರ ಬಾಗಿಲು ತೆರೆಯುವ ಪುಟ್ಟ ಕಚೇರಿ, ಆಚೆಗೆ ಮರಳು ಮತ್ತು ಕಡಲು. ಆಗಸ್ಟ್ ನಡುವಿನಲ್ಲಿ ಪಿತೃಗಳನ್ನು ನೆನೆಯುವ ಒಬೊನ್ ಹಬ್ಬ ಮುಗಿಯುತ್ತಲೇ ಅಂಬಲಿ ಮೀನುಗಳು ದಡದತ್ತ ಬರುತ್ತವೆ, ಅಲೆಗಳು ಏರುತ್ತವೆ. ಈಜಿನ ಕಾಲ ಮುಗಿಯಿತೆಂದು ಜನ ಮನೆಗೆ ಮರಳುತ್ತಾರೆ. ಆಮೇಲೆ ಅಲ್ಲಿ ನೆಲೆಸುವ ಮೌನವನ್ನು ಪ್ರವಾಸಿ ಕೈಪಿಡಿಗಳು ಮನುಷ್ಯರ ಕೈ ಸೋಕದ ಪ್ರಕೃತಿಯೆಂದು ಹೊಗಳುತ್ತವೆ. ಆ ಹೊಗಳಿಕೆ ತಪ್ಪು ಎಂಬುದು ನನ್ನ ವಾದ. ಆ ತೀರದಲ್ಲಿ ಮನುಷ್ಯನ ಕೈ ಸೋಕದ ಜಾಗ ಬಹಳ ಕಡಿಮೆ. ಟೆಂಟಿಗೆ ನೆರಳು ಕೊಡುವ ಮರಗಳನ್ನು ಹಳ್ಳಿಯವರು ಮುನ್ನೂರು ವರ್ಷ ನೆಟ್ಟು ಸಾಕಿದರು. ಈಗಿನ ಮೌನವೂ ಅದೇ ಹಳ್ಳಿಯವರು ಊರು ಬಿಟ್ಟು ಹೋದದ್ದರಿಂದ ಉಂಟಾದದ್ದು.

ಪೈನ್ ಮರಗಳಿಗಿಂತ ಮೊದಲು ಅಲ್ಲಿ ಏನಿತ್ತು ಎಂದು ಕೇಳಿದರೆ ಉತ್ತರ ಮರಳು. ಚಳಿಗಾಲದಲ್ಲಿ ಏಷ್ಯಾ ಭೂಖಂಡದಿಂದ ಹೊರಟ ವಾಯವ್ಯದ ಗಾಳಿ ಜಪಾನ್ ಸಮುದ್ರವನ್ನು ದಾಟಿ ಪಶ್ಚಿಮ ತೀರಕ್ಕೆ ಬಡಿಯುತ್ತದೆ. ನದಿಗಳು ತಂದು ಸುರಿದ ಮರಳನ್ನು ಅದು ಒಳನಾಡಿಗೆ ದೂಡುತ್ತದೆ. ಕಡಲ ನೀರನ್ನು ಕಾಯಿಸಿ ಉಪ್ಪು ತೆಗೆಯಲು ಸೌದೆ ಬೇಕಾಗಿತ್ತು, ಯುದ್ಧದ ಕಾಲದಲ್ಲಿ ಮರ ಬೇಕಾಗಿತ್ತು. ಹೀಗೆ ತೀರದ ಹಳೆಯ ಕಾಡು ಕರಗಿತು, ಮರಳಿಗೆ ತಡೆ ಇಲ್ಲದಂತಾಯಿತು. ಯಾಮಾಗಾತಾ ಪ್ರಾಂತ್ಯದ ಶೋನಾಯ್ ತೀರದಲ್ಲಿ ಸುಮಾರು 34 ಕಿಲೋಮೀಟರ್ ಉದ್ದದ ಮರಳ ದಿಬ್ಬಗಳು ಗದ್ದೆಗಳನ್ನೂ ಮನೆಗಳನ್ನೂ ಹೂಳುತ್ತಿದ್ದವು. ಅಬೆ ಕೋಬೋ 1962ರಲ್ಲಿ ಬರೆದ ಮರಳು ದಿಬ್ಬದ ಹೆಂಗಸಿನ ಕಾದಂಬರಿಯಲ್ಲಿ ಮನೆ ಹೂತುಹೋಗದಂತೆ ರಾತ್ರಿಯಿಡೀ ಮರಳು ತೋಡುವ ಜನರಿದ್ದಾರೆ. ಅದನ್ನು ಬರಿಯ ಕಲ್ಪನೆಯೆಂದು ಓದುವವರು ಈ ತೀರದ ಇತಿಹಾಸವನ್ನೂ ಜೊತೆಗಿಟ್ಟು ಓದಬೇಕು. ಸಕಾತಾ ಬಂದರಿನ ವರ್ತಕ ಹೊಮ್ಮಾ ಮಿತ್ಸುಓಕಾ 1758ರಲ್ಲಿ ಸ್ವಂತ ಹಣದಿಂದ ಇಲ್ಲಿ ಪೈನ್ ನೆಡಿಸಲು ತೊಡಗಿದ. ಉತ್ತರದ ಅಕಿತಾದಲ್ಲಿ ಅದೇ ಶತಮಾನದ ಕೊನೆಗೆ ಕುರಿತಾ ಸದಾನೋಜೋ ಎಂಬ ಸಂಸ್ಥಾನದ ಅಧಿಕಾರಿ ಈ ಕೆಲಸಕ್ಕೆ ಕ್ರಮವೊಂದನ್ನು ರೂಪಿಸಿದ. ಮರಳಲ್ಲಿ ನೇರವಾಗಿ ನೆಟ್ಟ ಸಸಿ ಒಂದು ಚಳಿಗಾಲವನ್ನೂ ದಾಟುವುದಿಲ್ಲ. ಆದ್ದರಿಂದ ಮೊದಲು ಒಣಹುಲ್ಲಿನ ತಡಿಕೆ ನಿಲ್ಲಿಸಿ ಗಾಳಿಯನ್ನು ಮುರಿಯಬೇಕು, ಅದರ ಮರೆಯಲ್ಲಿ ವಿಲೋ ಕೊಂಬೆಗಳನ್ನೂ ಗುಮಿ ಎಂಬ ಗಟ್ಟಿ ಪೊದೆಯನ್ನೂ ಬೇರು ಹಿಡಿಸಬೇಕು, ಮರಳು ನಿಂತ ಮೇಲಷ್ಟೇ ಪೈನ್ ನೆಡಬೇಕು. ಇಂದು ಅಕಿತಾ ಪ್ರಾಂತ್ಯದ ನೊಶಿರೋದಲ್ಲಿ ಸುಮಾರು 14 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ತೋಪು ಇಂಥ ದುಡಿಮೆಯ ಫಲ. ಅದನ್ನು ನೆಟ್ಟವರಲ್ಲಿ ಹಲವರು ಮರ ಬೆಳೆದು ನಿಂತದ್ದನ್ನು ಕಂಡಿರಲಾರರು.

ಇದಕ್ಕೆ ಇತಿಹಾಸ ಬಲ್ಲವರು ಎತ್ತಬಹುದಾದ ಆಕ್ಷೇಪ ಒಂದಿದೆ. ತೋಪು ಆದದ್ದು ದೊರೆಗಳ ಅಪ್ಪಣೆಯಿಂದ, ಶ್ರೀಮಂತರ ಹಣದಿಂದ. ಹಳ್ಳಿಯವರದು ಕೂಲಿಯೋ ಬಿಟ್ಟಿಯೋ ಆದ ದುಡಿಮೆ ಮಾತ್ರ, ಅದನ್ನು ಅವರ ಸೃಷ್ಟಿ ಎನ್ನುವುದು ಭಾವುಕತೆ ಎಂದು. ಆಕ್ಷೇಪದಲ್ಲಿ ಹುರುಳಿದೆ. ಕ್ಯೂಶು ದ್ವೀಪದ ಕರಾತ್ಸುವಿನಲ್ಲಿ ಸುಮಾರು 4.5 ಕಿಲೋಮೀಟರ್ ಬಾಗಿ ಸಾಗುವ ನಿಜಿ ನೊ ಮತ್ಸುಬರ ತೋಪನ್ನು 17ನೇ ಶತಮಾನದ ಆರಂಭದಲ್ಲಿ ನೆಡಿಸಿದವನು ಅಲ್ಲಿನ ಮೊದಲ ದೊರೆ ತೆರಾಸಾವಾ ಹಿರೋತಾಕಾ. ಇಲ್ಲಿ ಏಳು ಮರಗಳು ತನಗೆ ಅಚ್ಚುಮೆಚ್ಚು, ಅವನ್ನು ಕಡಿದವರಿಗೆ ಕಠಿಣ ಶಿಕ್ಷೆ ಎಂದು ಸಾರಿ, ಆ ಏಳು ಯಾವುವೆಂದು ಮಾತ್ರ ಅವನು ಹೇಳಲಿಲ್ಲ ಎಂಬ ಐತಿಹ್ಯ ಅಲ್ಲಿದೆ. ಹಾಗಾಗಿ ಯಾವ ಮರಕ್ಕೂ ಯಾರೂ ಕೊಡಲಿ ಇಡಲಿಲ್ಲವಂತೆ. ಅಪ್ಪಣೆಯ ಬಲವನ್ನು ಈ ಕಥೆ ಚೆನ್ನಾಗಿ ಹೇಳುತ್ತದೆ. ಆದರೆ ದೊರೆಗಳ ಆಳ್ವಿಕೆ 1868ರ ಬದಲಾವಣೆಯ ನಂತರದ ಕೆಲವೇ ವರ್ಷಗಳಲ್ಲಿ ಕೊನೆಗೊಂಡಿತು, ತೋಪುಗಳು ಉಳಿದವು. ಅವನ್ನು ಉಳಿಸಿದ್ದು ಒಲೆ. ಉದುರಿದ ಸೂಜಿಎಲೆ, ಒಣ ರೆಂಬೆ, ಕಾಯಿ, ಸತ್ತ ಮರ ಎಲ್ಲವೂ ಸುತ್ತಲಿನ ಮನೆಗಳಿಗೆ ಉರುವಲಾಗಿದ್ದವು. ಎಲೆ ಗುಡಿಸಿ ಒಯ್ಯುವ ಹಕ್ಕನ್ನು ಊರುಗಳು ತಮ್ಮತಮ್ಮಲ್ಲಿ ಹಂಚಿಕೊಂಡು ಕಾಪಾಡುತ್ತಿದ್ದವು. ಮಲೆನಾಡಿನಲ್ಲಿ ದರಕು ಗುಡಿಸಿ ಕೊಟ್ಟಿಗೆಗೆ ಹಾಸುವುದನ್ನು ಕಂಡವರಿಗೆ ಇದು ಅಪರಿಚಿತವಲ್ಲ. ವ್ಯತ್ಯಾಸವೆಂದರೆ ಇಲ್ಲಿ ಗುಡಿಸುವುದರಿಂದ ಮರಕ್ಕೇ ಲಾಭವಾಗುತ್ತಿತ್ತು. ಕಪ್ಪು ಪೈನ್ ಬಡ ಮರಳಿನಲ್ಲಿ ಬೇರಿನ ಶಿಲೀಂಧ್ರಗಳ ನೆರವಿನಿಂದ ಬದುಕುವ ಮರ. ಎಲೆ ಕೊಳೆತು ನೆಲ ಫಲವತ್ತಾದರೆ ಅಗಲ ಎಲೆಯ ಗಿಡಗಳು ಬಂದು ಅದರ ಜಾಗವನ್ನು ಕಸಿಯುತ್ತವೆ. ನೆಡಲು ಅಪ್ಪಣೆ ಸಾಕಾಗಿತ್ತು. ಮುನ್ನೂರು ವರ್ಷ ನೆಲವನ್ನು ಬಡವಾಗಿಯೇ ಇಡುವುದು ದಿನವೂ ಗುಡಿಸುವವರಿಂದಷ್ಟೇ ಆಗುವ ಕೆಲಸ.

ಬಿಡುವಿಗಾಗಿ ಕಡಲಿಗೆ ಹೋಗುವ ರೂಢಿ ಇಷ್ಟು ಹಳೆಯದಲ್ಲ. ಮೀನುಗಾರನಿಗೂ ಉಪ್ಪಿನವನಿಗೂ ದಡ ದುಡಿಮೆಯ ಜಾಗವಾಗಿತ್ತು. ಸೇನೆಯ ವೈದ್ಯಾಧಿಕಾರಿಯಾಗಿದ್ದ ಮತ್ಸುಮೊತೊ ಜುನ್ 1885ರಲ್ಲಿ ಟೋಕಿಯೋದ ನೈಋತ್ಯಕ್ಕಿರುವ ಓಇಸೊ ಊರಿನಲ್ಲಿ ಸಮುದ್ರ ಸ್ನಾನದ ತಾಣ ತೆರೆಸಿದ್ದು ಆರೋಗ್ಯಕ್ಕಾಗಿ. ಕಡಲ ಸ್ನಾನ ಆಗ ಔಷಧವಾಗಿತ್ತು. 1887ರಲ್ಲಿ ರೈಲು ಅಲ್ಲಿಗೆ ಬಂದ ಮೇಲೆ ಔಷಧ ಮೆಲ್ಲನೆ ವಿಹಾರವಾಯಿತು. ಎರಡನೇ ಮಹಾಯುದ್ಧದ ನಂತರ, ಕೈಯಲ್ಲಿ ಹಣವೂ ಕಾರೂ ಬಂದ ನಗರದ ಕುಟುಂಬಗಳು ಬೇಸಿಗೆಯಲ್ಲಿ ದೂರದ ತೀರಗಳಿಗೂ ಹೊರಟವು. ಮೀನುಗಾರರ ಮನೆಗಳು ಅತಿಥಿಗಳನ್ನು ಇಟ್ಟುಕೊಂಡವು, ತೋಪುಗಳಲ್ಲಿ ಟೆಂಟುಗಳೆದ್ದವು. ಕಾರಿನಲ್ಲಿ ಹೋಗಿ ಟೆಂಟ್ ಹಾಕುವವರ ಸಂಖ್ಯೆ 1996ರಲ್ಲಿ ಸುಮಾರು 1.58 ಕೋಟಿಗೆ ಮುಟ್ಟಿತೆಂದು ಅಲ್ಲಿನ ಆಟೋ ಕ್ಯಾಂಪಿಂಗ್ ಸಂಘದ ಅಂದಾಜು. ಆ ಎತ್ತರವನ್ನು ಅದು ಮತ್ತೆ ಮುಟ್ಟಲಿಲ್ಲ. 2019ರ ಹೊಸ ಅಲೆಯಲ್ಲೂ ಸುಮಾರು 86 ಲಕ್ಷ. ಹೀಗಿರುವಾಗ ಕ್ಯಾಂಪಿಂಗ್ ಪಶ್ಚಿಮದಿಂದ ಬಂದ ಹೊಸ ಹವ್ಯಾಸ, ಹಳೆಯ ತೋಪಿಗೂ ಅದಕ್ಕೂ ಏನು ನಂಟು ಎಂದು ಕೇಳಬಹುದು. ಹವ್ಯಾಸ ಹೊಸದೇ, ಒಪ್ಪುತ್ತೇನೆ. ಆದರೆ ಟೆಂಟ್ ಹೂಡಲು ಸಮತಟ್ಟಾದ ಒಣ ನೆಲ ಬೇಕು, ಮಧ್ಯಾಹ್ನಕ್ಕೆ ನೆರಳು ಬೇಕು, ಗಾಳಿಗೆ ಮರೆ ಬೇಕು, ಯಾರ ಗದ್ದೆಯೂ ಮನೆಯೂ ಅಲ್ಲದ ಜಾಗ ಬೇಕು. ಬೆಟ್ಟ ನೇರ ಕಡಲಿಗಿಳಿಯುವ, ಇರುವ ಸಪಾಟು ನೆಲವೆಲ್ಲ ಗದ್ದೆಯೂ ಬಂದರೂ ಆಗಿರುವ ದೇಶದಲ್ಲಿ ಈ ನಾಲ್ಕೂ ಒಟ್ಟಿಗೆ ಸಿಗುವುದು ಹೆಚ್ಚಾಗಿ ಆ ರಕ್ಷಣಾ ತೋಪಿನಲ್ಲೇ.

ಇನ್ನು ಮೌನದ ಮಾತು. ಕಳೆದ ಶತಮಾನದ ಅರವತ್ತರ ದಶಕದಲ್ಲಿ ಹಳ್ಳಿಗಳಿಗೂ ಅನಿಲದ ಸಿಲಿಂಡರ್, ಸೀಮೆಎಣ್ಣೆ ಬಂದವು. ಅದೇ ಹೊತ್ತಿಗೆ ಹಳ್ಳಿಯ ಹುಡುಗರು ಒಸಾಕಾ, ಟೋಕಿಯೋ ಕಾರ್ಖಾನೆಗಳಿಗೆ ಹೊರಟರು. ತೋಪನ್ನು ಗುಡಿಸಲು ಕಾರಣವೂ ಉಳಿಯಲಿಲ್ಲ, ಗುಡಿಸುವವರೂ ಉಳಿಯಲಿಲ್ಲ. ಪೈನ್ ಒಣಗುವ ರೋಗ 20ನೇ ಶತಮಾನದ ಆರಂಭದಲ್ಲೇ ನಾಗಸಾಕಿಯಲ್ಲಿ ಕಾಣಿಸಿಕೊಂಡಿತ್ತು. ಉತ್ತರ ಅಮೆರಿಕದಿಂದ ಬಂದ ಒಂದು ಸೂಕ್ಷ್ಮ ಜಂತುಹುಳು ಅದಕ್ಕೆ ಕಾರಣವೆಂದು ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟದ್ದು 1971ರಲ್ಲಿ. ಅದನ್ನು ಮರದಿಂದ ಮರಕ್ಕೆ ಒಯ್ಯುವ ಉದ್ದ ಮೀಸೆಯ ಜೀರುಂಡೆ ಸಾಯುತ್ತಿರುವ ಪೈನ್ ಮರದಲ್ಲಿ ಮೊಟ್ಟೆಯಿಡುತ್ತದೆ. ಸತ್ತ ಮರ ಒಲೆಗೆ ಹೋಗುತ್ತಿದ್ದಾಗ ಜೀರುಂಡೆಯ ಮರಿಗಳೂ ಅದರೊಡನೆ ಸುಟ್ಟುಹೋಗುತ್ತಿದ್ದವು. ಮರ ನಿಂತಲ್ಲೇ ಉಳಿದಾಗ ಪ್ರತಿ ಬೇಸಿಗೆಯೂ ಹೊಸ ಜೀರುಂಡೆಗಳು ಹೊರಬಂದವು. ಎಪ್ಪತ್ತರ ದಶಕದ ಕೊನೆಗೆ ಹಾನಿ ತುತ್ತತುದಿಗೇರಿತು. ನನ್ನ ವಾದಕ್ಕೆ ಇದೇ ಮುಖ್ಯ ಸಾಕ್ಷಿ. ಪ್ರವಾಸಿ ಮೆಚ್ಚುವ ನಿಶ್ಶಬ್ದ, ಅವನ ನೆತ್ತಿಯ ಮೇಲಿನ ಮರದ ಸಾವು, ಎರಡೂ ಒಂದೇ ಕಾರಣದಿಂದ ಬಂದವು. ಜನ ಹೋದರು.

ಆದರೆ ತೋಪು ಕಾಯುತ್ತದೆ ಎಂಬ ನಂಬಿಕೆಯನ್ನೇ 2011ರ ಸುನಾಮಿ ಸುಳ್ಳು ಮಾಡಲಿಲ್ಲವೇ ಎಂಬುದು ಇನ್ನೂ ಗಂಭೀರವಾದ ಪ್ರಶ್ನೆ. ಪೂರ್ವ ತೀರದ ರಿಕುಜೆನ್‌ತಕಾತಾದಲ್ಲಿ 1667ರಿಂದ ನೆಟ್ಟು ಬೆಳೆಸಿದ ಸುಮಾರು 70,000 ಮರಗಳ ತೋಪು ಆ ಮಾರ್ಚ್ 11ರಂದು ಕೊಚ್ಚಿಹೋಯಿತು. ನಿಂತು ಉಳಿದದ್ದು ಒಂದೇ ಮರ, ಬಳಿಯ ಯುವ ಪ್ರವಾಸಿಗರ ವಸತಿಗೃಹದ ಕಾಂಕ್ರೀಟ್ ಕಟ್ಟಡ ಅದಕ್ಕೆ ಅಡ್ಡವಾಗಿದ್ದರಿಂದ. ಬೇರಿಗೆ ಉಪ್ಪು ನೀರು ಹತ್ತಿ ಮರುವರ್ಷ ಅದೂ ಸತ್ತಿತು. ಅಂಥ ಅಲೆಯ ಎದುರು ತೋಪು ನಿಲ್ಲದೆಂಬುದು ನಿಜ, ಇದರಲ್ಲಿ ಮೃದು ಮಾತಿಗೆ ಎಡೆಯಿಲ್ಲ. ಅಲ್ಲಿ ಸತ್ತವರನ್ನು ನೆನೆದರೆ ಮರಗಳ ಬಗ್ಗೆ ಬರೆಯಲು ಕೈ ಹಿಂಜರಿಯುತ್ತದೆ. ಆದರೂ ತೋಪಿನ ನಿತ್ಯದ ಕೆಲಸ ಮರಳು, ಗಾಳಿ, ಉಪ್ಪಿನ ಹನಿಗಳನ್ನು ತಡೆಯುವುದು. ಶತಮಾನಕ್ಕೊಮ್ಮೆ ಬರುವ ಅಲೆಯಿಂದ ಅದರ ಬೆಲೆ ಕಟ್ಟಲಾಗದು. ಆ ಊರಿನವರೂ ಹಾಗೆಯೇ ಯೋಚಿಸಿದಂತಿದೆ. 12.5 ಮೀಟರ್ ಎತ್ತರದ ಕಡಲ ಗೋಡೆ ಕಟ್ಟಿದ ಮೇಲೂ, ಅದರ ಬುಡದಲ್ಲಿ 2021ರ ಹೊತ್ತಿಗೆ ಸುಮಾರು 40,000 ಪೈನ್ ಸಸಿಗಳನ್ನು ನೆಟ್ಟು ಮುಗಿಸಿದರು.

ಜನರೇ ಇಲ್ಲದ ಊರಿಗೆ ತೋಪು ಏಕೆ, ಅಗಲ ಎಲೆಯ ಕಾಡು ಬೆಳೆಯಲಿ ಬಿಡಿ ಎನ್ನುವ ಪರಿಸರವಾದಿಗಳೂ ಇದ್ದಾರೆ. ಗಾಳಿ ಸೌಮ್ಯವಾಗಿರುವ ಒಳಭಾಗಗಳಲ್ಲಿ ಅದು ಸರಿಯಾದ ದಾರಿಯೇ ಇರಬಹುದು. ಕಡಲಿಗೆ ಮುಖಮಾಡಿದ ಮೊದಲ ಸಾಲುಗಳಲ್ಲಿ ಉಪ್ಪುಗಾಳಿಯನ್ನು ಕಪ್ಪು ಪೈನಿನಷ್ಟು ತಾಳುವ ಎತ್ತರದ ಮರಗಳು ಅಲ್ಲಿ ವಿರಳ. ಅಲ್ಲಿ ಮರ ಹೋದರೆ ಮತ್ತೆ ಬರುವುದು ಮರಳು. ಆದ್ದರಿಂದ ಉಳಿಯುವ ಪ್ರಶ್ನೆ ಗುಡಿಸುವವರು ಯಾರು ಎಂಬುದು. ಕರಾತ್ಸುವಿನಲ್ಲಿ ಸ್ವಯಂಸೇವಕರು, ಶಾಲೆಗಳು, ಕಂಪನಿಗಳು ತೋಪಿನ ತುಂಡುಗಳನ್ನು ವಹಿಸಿಕೊಂಡು ಎಲೆ ಗುಡಿಸುತ್ತಿದ್ದಾರೆ. ಟೆಂಟ್ ಹೂಡುವವರನ್ನು ಈ ಲೆಕ್ಕಕ್ಕೆ ಯಾರೂ ತಂದಂತಿಲ್ಲ; ಅವರನ್ನು ಬೇಸಿಗೆಯ ಗಿರಾಕಿಗಳೆಂದೇ ಕಾಣುತ್ತಾರೆ. ಆದರೆ ಇಂದು ಆ ಮರಗಳ ಕೆಳಗೆ ರಾತ್ರಿ ಕಳೆಯುವವರು, ಅಲ್ಲೇ ಬೆಂಕಿ ಹಚ್ಚಿ ಅನ್ನ ಬೇಯಿಸುವವರು ಅವರೇ. ಎಲೆಯೂ ಒಣ ರೆಂಬೆಯೂ ಉರುವಲಾಗಿ ಮತ್ತೆ ಬೇಕಾಗಿರುವುದೂ ಅವರಿಗೇ. ಗೊತ್ತು ಮಾಡಿದ ಜಾಗದಿಂದ ಒಣ ಉರುವಲು ಆರಿಸಿ, ಗೊತ್ತಾದ ಒಲೆಯಲ್ಲಷ್ಟೇ ಉರಿಸುವ ಏರ್ಪಾಡನ್ನು ತಂಗುದಾಣಗಳ ನಿಯಮಕ್ಕೆ ಸೇರಿಸುವುದು ಸ್ಥಳೀಯ ಆಡಳಿತಗಳಿಗೆ ಕಷ್ಟವಾಗಲಾರದು. ರೋಗ ಈಗಾಗಲೇ ಉತ್ತರದ ಅಕಿತಾ, ಅಒಮೊರಿಗಳವರೆಗೂ ಮುಟ್ಟಿರುವಾಗ ಅದನ್ನು ಮುಂದಿನ ಬೇಸಿಗೆಯಿಂದಲೇ ತೊಡಗಬೇಕು.