ನಿಲ್ಲಿಸುವವರಿಲ್ಲದ ಕಾರ್ಖಾನೆ

1942ರ ಆಗಸ್ಟ್. ಅಮೆರಿಕ ಸೇನೆಯ ಎಂಜಿನಿಯರ್ ಕೆನೆತ್ ನಿಕೋಲ್ಸ್ ವಾಷಿಂಗ್ಟನ್ನಿನ ಖಜಾನೆ ಇಲಾಖೆಗೆ ಹೋಗಿ, ಹಿರಿಯ ಅಧಿಕಾರಿ ಡೇನಿಯಲ್ ಬೆಲ್ ಅವರ ಮುಂದೆ ಕುಳಿತು ಬೆಳ್ಳಿ ಸಾಲ ಕೇಳಿದರು. ಎಷ್ಟು ಬೇಕು ಎಂದು ಬೆಲ್ ವಿಚಾರಿಸಿದರು. ಆರು ಸಾವಿರ ಟನ್ ಎಂದರು ನಿಕೋಲ್ಸ್. ಬೆಲ್‌ಗೆ ರೇಗಿತು. ಖಜಾನೆಯಲ್ಲಿ ಬೆಳ್ಳಿಯನ್ನು ಟನ್ನಿನಲ್ಲಿ ಅಳೆಯುವ ಪದ್ಧತಿಯೇ ಇಲ್ಲ, ಇಲ್ಲಿ ಲೆಕ್ಕವೆಲ್ಲ ಟ್ರಾಯ್ ಔನ್ಸಿನಲ್ಲಿ ಎಂದು ಆ ತರುಣ ಅಧಿಕಾರಿಗೆ ಪಾಠ ಹೇಳಿದರು. ಒಂದು ಟ್ರಾಯ್ ಔನ್ಸ್ ಎಂದರೆ 31 ಗ್ರಾಂ ಚಿಲ್ಲರೆ. ಕೊನೆಗೆ ಖಜಾನೆಯಿಂದ ಹೊರಬಿದ್ದದ್ದು 13,000 ಟನ್ನಿಗೂ ಹೆಚ್ಚು ಬೆಳ್ಳಿ. ಅಂದಿನ ಬೆಲೆಯಲ್ಲಿ 30 ಕೋಟಿ ಡಾಲರಿಗೂ ಮೇಲು.

ಅದು ತಾಮ್ರವೆಲ್ಲ ಮದ್ದುಗುಂಡಿನ ಕಾರ್ಖಾನೆಗಳ ಪಾಲಾಗುತ್ತಿದ್ದ ಕಾಲ. ಅಣುಬಾಂಬ್ ಯೋಜನೆಯ ಭಾರಿ ವಿದ್ಯುತ್ಕಾಂತಗಳ ಸುರುಳಿಗೆ ತಾಮ್ರ ಸಿಗದೆ ಬೆಳ್ಳಿಯನ್ನೇ ಸುತ್ತಿದರು. ಸಾಲದ ಕೊನೆಯ ಕಂತು ಖಜಾನೆಗೆ ಹಿಂದಿರುಗಿದ್ದು 1970ರಲ್ಲಿ.

ಅಣುಬಾಂಬಿನ ಚರಿತ್ರೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ರಾಬರ್ಟ್ ಓಪನ್‌ಹೈಮರ್ ಮತ್ತು ಭಗವದ್ಗೀತೆಯ ಶ್ಲೋಕ. ಆತ ಬರ್ಕ್ಲಿಯಲ್ಲಿ ಆರ್ಥರ್ ರೈಡರ್ ಅವರ ಬಳಿ ಸಂಸ್ಕೃತ ಕಲಿತದ್ದು ನಿಜ. ಆದರೆ ಆ ಶ್ಲೋಕ ಮನಸ್ಸಿಗೆ ಬಂತೆಂದು ಟಿ.ವಿ. ಕ್ಯಾಮೆರಾದ ಮುಂದೆ ಹೇಳಿದ್ದು 1965ರಲ್ಲಿ, ಸ್ಫೋಟವಾಗಿ ಇಪ್ಪತ್ತು ವರ್ಷ ಕಳೆದ ಮೇಲೆ. ಗೀತೆ ಬಂತೆಂಬ ಹೆಮ್ಮೆಯಲ್ಲಿ ನಾವು ಕಥೆಯ ದೊಡ್ಡ ಭಾಗವನ್ನೇ ನೋಡದೆ ಬಿಟ್ಟಿದ್ದೇವೆ. ಬಾಂಬ್ ಯೋಜನೆಗೆ ಖರ್ಚಾದ ಸುಮಾರು 200 ಕೋಟಿ ಡಾಲರಿನಲ್ಲಿ ಓಪನ್‌ಹೈಮರ್ ನಡೆಸಿದ ಲಾಸ್ ಅಲಾಮೋಸ್ ಪ್ರಯೋಗಾಲಯದ ಪಾಲು ಶೇ. 4ರ ಆಸುಪಾಸು. ಶೇ. 60ಕ್ಕೂ ಹೆಚ್ಚು ಹೋದದ್ದು ಟೆನೆಸೀ ರಾಜ್ಯದ ಓಕ್ ರಿಜ್‌ಗೆ, ಶೇ. 20ರಷ್ಟು ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ಗೆ. ಅಣುಬಾಂಬ್ ಮೊದಲಿಗೆ ಒಂದು ಉದ್ಯಮ. ಒಬ್ಬ ಮೇಧಾವಿಯ ಮನಸ್ಸಿನ ತಳಮಳವೆಲ್ಲ ಅದರ ನಂತರದ್ದು.

ಆ ಉದ್ಯಮಕ್ಕೆ ಬೀಜ ಬಿದ್ದದ್ದು ಬರ್ಲಿನ್ನಿನಲ್ಲಿ. 1938ರ ಡಿಸೆಂಬರ್‌ನಲ್ಲಿ ಆಟೋ ಹಾನ್ ಮತ್ತು ಫ್ರಿಟ್ಜ್ ಸ್ಟ್ರಾಸ್‌ಮನ್ ಯುರೇನಿಯಂಗೆ ನ್ಯೂಟ್ರಾನ್ ಹೊಡೆಸಿ ನೋಡಿದಾಗ ಅದರೊಳಗೆ ಬೇರಿಯಂ ಸಿಕ್ಕಿತು. ಹಾನ್ ಅವರ ದೀರ್ಘಕಾಲದ ಸಹೋದ್ಯೋಗಿ ಲೀಸ್ ಮೈಟ್ನರ್ ಯಹೂದಿ ಮೂಲದವರು. ಹಿಟ್ಲರನ ಆಳ್ವಿಕೆಯಿಂದ ತಪ್ಪಿಸಿಕೊಂಡು ಅದಾಗಲೇ ಸ್ವೀಡನ್ ಸೇರಿದ್ದರು. ಪರಮಾಣುವಿನ ಬೀಜವೇ ಎರಡಾಗಿ ಸೀಳಿದೆ ಎಂದು ವಿವರಿಸಿದ್ದು ಆಕೆ ಮತ್ತು ಆಕೆಯ ಅಕ್ಕನ ಮಗ ಆಟೋ ಫ್ರಿಶ್. ಮುಂದೆ ಬಾಂಬ್ ಕೆಲಸಕ್ಕೆ ಕರೆ ಬಂದಾಗ ಮೈಟ್ನರ್ ಒಲ್ಲೆ ಎಂದರು. ಫ್ರಿಶ್ ಹೋದರು.

ಐನ್‌ಸ್ಟೈನ್ ಸಹಿ ಹಾಕಿ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಕಳಿಸಿದ ಪತ್ರಕ್ಕೆ (ಅದರ ಹಿಂದಿದ್ದವರು ಲಿಯೋ ಸಿಲಾರ್ಡ್) ಸಿಕ್ಕಿರುವ ಖ್ಯಾತಿ ಅದರ ಪರಿಣಾಮಕ್ಕಿಂತ ದೊಡ್ಡದು. ನಿಜವಾಗಿ ಚಕ್ರ ತಿರುಗಿಸಿದ್ದು 1940ರಲ್ಲಿ ಬರ್ಮಿಂಗ್‌ಹ್ಯಾಂನಲ್ಲಿ ಬರೆದ ಒಂದು ಟಿಪ್ಪಣಿ. ಬರೆದವರು ಫ್ರಿಶ್ ಮತ್ತು ರುಡಾಲ್ಫ್ ಪೈಯರ್ಲ್ಸ್. ಇಬ್ಬರೂ ನಾಜಿಗಳಿಂದ ದೇಶ ಬಿಟ್ಟವರು. ಹೊರಗಿನವರೆಂದು ಬ್ರಿಟನ್ ಅವರನ್ನು ರಾಡಾರ್‌ನ ಗುಟ್ಟಿನ ಕೆಲಸಕ್ಕೆ ಸೇರಿಸಿರಲಿಲ್ಲವಾದ್ದರಿಂದ ಇಂಥದ್ದನ್ನು ಯೋಚಿಸಲು ಪುರುಸೊತ್ತಿತ್ತು! ಬಾಂಬಿಗೆ ಟನ್ನುಗಟ್ಟಲೆ ಯುರೇನಿಯಂ ಬೇಡ, ಯುರೇನಿಯಂ-235 ಒಂದನ್ನೇ ಬೇರ್ಪಡಿಸಿದರೆ ಕಿಲೋಗಳ ಲೆಕ್ಕದಲ್ಲಿ ಮುಗಿಯುತ್ತದೆ ಎಂದು ಅವರು ತೋರಿಸಿದರು. ವಿಕಿರಣ ಗಾಳಿಯೊಂದಿಗೆ ಹರಡುವುದರಿಂದ ಅಪಾರ ಸಂಖ್ಯೆಯ ನಾಗರಿಕರನ್ನು ಕೊಲ್ಲದೆ ಇದನ್ನು ಬಳಸಲಾಗದು, ಬ್ರಿಟನ್ನಿನಂಥ ದೇಶಕ್ಕೆ ಇದು ಒಪ್ಪುವ ಅಸ್ತ್ರವಲ್ಲದಿರಬಹುದು ಎಂದೂ ಅದೇ ಟಿಪ್ಪಣಿಯಲ್ಲಿ ಬರೆದರು. ಐದು ವರ್ಷಗಳಲ್ಲಿ ಮೊದಲ ಮಾತಿಗೆ ಕಾರ್ಖಾನೆಗಳು ಎದ್ದವು. ಎರಡನೆಯದನ್ನು ಯಾರೂ ಕೇಳಲಿಲ್ಲ.

ಬೇರ್ಪಡಿಸಿದರೆ ಸಾಕು ಎಂದಿದ್ದರು. ಕಷ್ಟವಿದ್ದದ್ದೇ ಅಲ್ಲಿ. ಭೂಮಿಯಲ್ಲಿ ಸಿಗುವ ಯುರೇನಿಯಂನ ಸುಮಾರು 140 ಪರಮಾಣುಗಳಲ್ಲಿ ಬಾಂಬಿಗೆ ಬರುವುದು ಒಂದೇ. ಉಳಿದ 139 ರಾಸಾಯನಿಕವಾಗಿ ಅದರ ಪಡಿಯಚ್ಚು. ವ್ಯತ್ಯಾಸ ತೂಕದಲ್ಲಿ ಮಾತ್ರ, ಅದೂ ನೂರಕ್ಕೆ ಒಂದು ಚಿಲ್ಲರೆ. ಅಕ್ಕಿಯಷ್ಟೇ ಬೆಳ್ಳಗೆ, ಅಕ್ಕಿಯಷ್ಟೇ ಉದ್ದಕ್ಕಿರುವ ಕಲ್ಲನ್ನು ಮೊರದಲ್ಲಿ ಆರಿಸಬೇಕಾದ ಪಾಡು.

ಅದಿರು ಬಂದದ್ದು ಆಫ್ರಿಕಾದಿಂದ. ಬೆಲ್ಜಿಯನ್ ಕಾಂಗೋದ ಕಟಾಂಗಾ ಪ್ರಾಂತ್ಯದ ಶಿಂಕೊಲೊಬ್ವೆ ಗಣಿಯನ್ನು ಮೊದಲು ಅಗೆದದ್ದು ರೇಡಿಯಂಗಾಗಿ. ಅಲ್ಲಿಯ ಅದಿರಿನಲ್ಲಿ ಯುರೇನಿಯಂ ಆಕ್ಸೈಡ್ ಶೇ. 65ರವರೆಗೂ ಇತ್ತು. ಅಮೆರಿಕದ ಅದಿರಿನಲ್ಲಿ ಶೇ. 1ರಷ್ಟು ಸಿಕ್ಕಿದರೂ ಅದೃಷ್ಟವೇ. ಗಣಿ ಕಂಪನಿ ಯೂನಿಯನ್ ಮಿನಿಯೇರ್‌ನ ಮುಖ್ಯಸ್ಥ ಎಡ್ಗರ್ ಸೆಂಜಿಯೇ ಜಾಗರೂಕ ವ್ಯಾಪಾರಿ. ಇದು ಜರ್ಮನ್ನರ ಕೈಗೆ ಸಿಕ್ಕೀತೆಂಬ ಎಚ್ಚರಿಕೆ 1939ರಲ್ಲೇ ಅವರ ಕಿವಿಗೆ ಬಿದ್ದಿತ್ತು. ಯಾರೂ ಹೇಳದೆ, 1940ರಲ್ಲಿ ಸುಮಾರು 1,200 ಟನ್ ಅದಿರನ್ನು ಹಡಗಿಗೇರಿಸಿ ನ್ಯೂಯಾರ್ಕಿಗೆ ಕಳಿಸಿದರು. ಅದು ಸ್ಟಾಟನ್ ದ್ವೀಪದ ಗೋದಾಮೊಂದರಲ್ಲಿ ಉಕ್ಕಿನ ಪೀಪಾಯಿಗಳಲ್ಲಿ ಕುಳಿತಿತ್ತು. 1942ರ ಸೆಪ್ಟೆಂಬರ್ 18ರಂದು ಅದೇ ನಿಕೋಲ್ಸ್, ಸೆಂಜಿಯೇ ಅವರ ಕಚೇರಿಗೆ ಬಂದರು. ಅರ್ಧ ಗಂಟೆಯೊಳಗೆ ಹಳದಿ ಹಾಳೆಯೊಂದರ ಮೇಲೆ ಒಪ್ಪಂದ ಮುಗಿದಿತ್ತು. ಯುದ್ಧ ಮುಗಿದ ಮೇಲೆ ಸೆಂಜಿಯೇ ಅವರಿಗೆ ಅಮೆರಿಕ ಪದಕ ಕೊಟ್ಟಿತು. ಆ ಅದಿರನ್ನು ಅಗೆದು ಹೊತ್ತ ಕಾಂಗೋ ಕೂಲಿಗಳ ಹೆಸರನ್ನು ಬಾಂಬಿನ ಚರಿತ್ರೆಗಳಲ್ಲಿ ಹುಡುಕಿ ನೋಡಿ.

ಅದೇ ಸೆಪ್ಟೆಂಬರ್‌ನಲ್ಲಿ ಯೋಜನೆಯ ಹೊಣೆ ಲೆಸ್ಲಿ ಗ್ರೋವ್ಸ್ ಎಂಬ ಸೇನಾಧಿಕಾರಿಗೆ ಬಂತು. ಪೆಂಟಗನ್ ಕಟ್ಟಡದ ನಿರ್ಮಾಣ ನೋಡಿಕೊಂಡಿದ್ದ ಮನುಷ್ಯ, ಒರಟು, ಚುರುಕು. ಓಕ್ ರಿಜ್‌ಗಾಗಿ 59,000 ಎಕರೆ ವಶವಾಯಿತು. ವೀಟ್, ಎಲ್ಜಾ, ರಾಬರ್ಟ್ಸ್‌ವಿಲ್, ಸ್ಕಾರ್‌ಬರೊ ಹಳ್ಳಿಗಳ ಸುಮಾರು ಮೂರು ಸಾವಿರ ಜನರನ್ನು ಒಕ್ಕಲೆಬ್ಬಿಸಿದರು. ಕೆಲವರಿಗೆ ಸಿಕ್ಕ ಗಡುವು ಎರಡೇ ವಾರ. ಅವರಲ್ಲಿ ನಾರಿಸ್ ಅಣೆಕಟ್ಟಿಗೆಂದು ಅದಾಗಲೇ ಒಮ್ಮೆ ಮನೆ ಕಳೆದುಕೊಂಡಿದ್ದವರೂ ಇದ್ದರು. ಮೂರು ವರ್ಷದೊಳಗೆ ಅಲ್ಲಿ 75,000 ಜನರ ಊರು ಎದ್ದಿತು. ಆದರೆ ಯಾವ ನಕ್ಷೆಯಲ್ಲೂ ಇಲ್ಲ. ಕರಿಯ ಕೆಲಸಗಾರರಿಗೆ ಬೇರೆಯೇ ಜಾಗ, ಹಲಗೆ ಗುಡಿಸಲು. ಗಂಡ ಹೆಂಡತಿಗೂ ಒಟ್ಟಿಗಿರಲು ಬಿಡಲಿಲ್ಲ.

ಬೆಳ್ಳಿ ಸುತ್ತಿದ ಕಾಂತಗಳಿದ್ದದ್ದು ಇಲ್ಲಿಯ ವೈ-12 ಕಾರ್ಖಾನೆಯಲ್ಲಿ. ಅರ್ನೆಸ್ಟ್ ಲಾರೆನ್ಸ್ ರೂಪಿಸಿದ ಕ್ಯಾಲುಟ್ರಾನ್ ಯಂತ್ರಗಳು ಯುರೇನಿಯಂ ಅಯಾನುಗಳನ್ನು ಕಾಂತಕ್ಷೇತ್ರದಲ್ಲಿ ತಿರುವಿ ಹಾಯಿಸುತ್ತಿದ್ದವು. ಹಗುರಾದದ್ದು ಹೆಚ್ಚು ಬಾಗುತ್ತದೆ, ಭಾರದ್ದು ಕಡಿಮೆ. ಎರಡೂ ಬೇರೆ ಬೇರೆ ಡಬ್ಬಿಗೆ ಬೀಳುತ್ತವೆ. ಇಂಥ 1,152 ಯಂತ್ರಗಳಿದ್ದವು. ಅವುಗಳ ಮುಂದೆ ಎತ್ತರದ ಸ್ಟೂಲಿನ ಮೇಲೆ ಕುಳಿತು ಮುಳ್ಳು ನೋಡುತ್ತ ಗುಬುಟು ತಿರುಗಿಸುತ್ತಿದ್ದವರು ಆಗಷ್ಟೇ ಹೈಸ್ಕೂಲು ಮುಗಿಸಿದ ಸುತ್ತಲಿನ ಹಳ್ಳಿಗಳ ಹುಡುಗಿಯರು. ಲಾರೆನ್ಸ್‌ಗೆ ಇದು ಸರಿಬರಲಿಲ್ಲ, ಪಿಎಚ್.ಡಿ. ಪಡೆದವರ ಕೆಲಸ ಇದೆಂದು ಅವರ ನಂಬಿಕೆ. ನಿಕೋಲ್ಸ್ ಪಂದ್ಯ ಕಟ್ಟಿದರು. ಹುಡುಗಿಯರು ಗೆದ್ದರು. ವಿಜ್ಞಾನಿಗಳು ಮುಳ್ಳು ಅಲುಗಿದಾಗಲೆಲ್ಲ ಕಾರಣ ಹುಡುಕುತ್ತ ಕೂರುತ್ತಿದ್ದರು, ಹುಡುಗಿಯರು ಹೇಳಿದಷ್ಟು ಮಾಡುತ್ತಿದ್ದರು. ಮಾಡುತ್ತಿರುವುದು ಏನೆಂದು ಅವರಿಗೆ ತಿಳಿಸಿರಲಿಲ್ಲ. ತಿಳಿದದ್ದು ಹಿರೋಶಿಮಾದ ಸುದ್ದಿ ರೇಡಿಯೊದಲ್ಲಿ ಬಂದ ದಿನ.

ಕೇಳಬೇಕಾದವರಿಗೂ ತಿಳಿಸಲಿಲ್ಲ ಎನ್ನುವುದು ಇನ್ನೂ ಸ್ವಾರಸ್ಯದ ಸಂಗತಿ. 1943ರಲ್ಲಿ ಸೆನೆಟ್ ಸಮಿತಿಯೊಂದು ಯುದ್ಧದ ದುಂದುವೆಚ್ಚ ತನಿಖೆ ಮಾಡುತ್ತಿತ್ತು. ಹ್ಯಾನ್‌ಫರ್ಡ್‌ನಲ್ಲಿ ಇಷ್ಟು ಹಣ ಏತಕ್ಕೆ ಎಂದು ಅದರ ಅಧ್ಯಕ್ಷರು ವಿಚಾರಿಸಿದಾಗ, ದಯವಿಟ್ಟು ಕೇಳಬೇಡಿ ಎಂದರು ಯುದ್ಧ ಸಚಿವ ಹೆನ್ರಿ ಸ್ಟಿಮ್ಸನ್. ಆ ಸೆನೆಟರ್ ಸುಮ್ಮನಾದರು. ಹೆಸರು ಹ್ಯಾರಿ ಟ್ರೂಮನ್. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡು ಟ್ರೂಮನ್ ಅಧ್ಯಕ್ಷರಾದ ಮೇಲೆ, ಏಪ್ರಿಲ್ 25ರಂದು ಸ್ಟಿಮ್ಸನ್ ಮತ್ತು ಗ್ರೋವ್ಸ್ ಹೊಸ ಅಧ್ಯಕ್ಷರಿಗೆ ಪೂರ್ತಿ ವಿವರ ಕೊಟ್ಟರು. ಅದಕ್ಕೂ ಮುಂಚೆ, ಮಾರ್ಚ್‌ನಲ್ಲಿ, ಆಡಳಿತದ ಹಿರಿಯ ಅಧಿಕಾರಿ ಜೇಮ್ಸ್ ಬರ್ನ್ಸ್ ರೂಸ್‌ವೆಲ್ಟ್‌ಗೆ ಒಂದು ಎಚ್ಚರಿಕೆ ಬರೆದಿದ್ದರು: ಖರ್ಚು 200 ಕೋಟಿ ಡಾಲರ್ ಮುಟ್ಟುತ್ತಿದೆ, ಫಲ ಸಿಗದಿದ್ದರೆ ಉತ್ತರ ಹೇಳಬೇಕಾಗುತ್ತದೆ. ಬರ್ನ್ಸ್ ಸ್ವಲ್ಪ ದಿನದಲ್ಲೇ ಟ್ರೂಮನ್ ಅವರ ವಿದೇಶಾಂಗ ಸಚಿವರಾದರು.

ಈ ಕೆಲಸ ಶುರುವಾದದ್ದು ಹಿಟ್ಲರನಿಗಿಂತ ಮುಂಚೆ ಬಾಂಬ್ ಮಾಡಬೇಕೆಂಬ ಭಯದಿಂದ. ಜರ್ಮನಿ ಅಂಥ ಬಾಂಬ್ ಮಾಡುತ್ತಿಲ್ಲವೆಂಬುದು 1944ರ ಕೊನೆಗೆ ಗೊತ್ತಾದಾಗ ಲಾಸ್ ಅಲಾಮೋಸ್ ಬಿಟ್ಟು ಹೊರಟ ವಿಜ್ಞಾನಿ ಒಬ್ಬರೇ, ಪೋಲೆಂಡಿನ ಜೋಸೆಫ್ ರಾಟ್‌ಬ್ಲಾಟ್. 1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಕಾರ್ಖಾನೆ ನಿಲ್ಲಲಿಲ್ಲ, ಇನ್ನೂ ಜೋರಾಯಿತು. ಓಕ್ ರಿಜ್‌ನಿಂದ ಯುರೇನಿಯಂ ಸಾದಾ ಉಡುಪಿನ ಸೈನಿಕರ ಕೈಚೀಲದಲ್ಲಿ ರೈಲು ಹತ್ತಿ ಪಶ್ಚಿಮಕ್ಕೆ ಹೋಗುತ್ತಿತ್ತು.

ಜುಲೈ 16ರ ನಸುಕು, ಐದೂವರೆಗೆ ಒಂದು ನಿಮಿಷ ಇರುವಾಗ ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ಸಿಡಿದದ್ದು ಹ್ಯಾನ್‌ಫರ್ಡ್‌ನಲ್ಲಿ ತಯಾರಿಸಿದ ಪ್ಲುಟೋನಿಯಂ ಎಂಬ ಇನ್ನೊಂದು ಧಾತುವಿನ ಬಾಂಬ್. ಓಕ್ ರಿಜ್‌ನ ಯುರೇನಿಯಂ ಬಾಂಬನ್ನು ಪರೀಕ್ಷಿಸಲೇ ಇಲ್ಲ. ಅದರ ರಚನೆ ಸರಳ, ಕೊಳವೆಯೊಳಗೆ ಒಂದು ತುಂಡನ್ನು ಇನ್ನೊಂದರ ಮೇಲೆ ಹಾರಿಸುವುದು, ಕೈಕೊಡುವುದಿಲ್ಲ ಎಂಬ ವಿಶ್ವಾಸವಿತ್ತು. ಜೊತೆಗೆ, ಪರೀಕ್ಷೆಗೆಂದು ಹಾಳು ಮಾಡಲು ಇನ್ನೊಂದು ಬಾಂಬಿನಷ್ಟು ಯುರೇನಿಯಂ ಇರಲೇ ಇಲ್ಲ. ಅಷ್ಟು ಬೆಳ್ಳಿ, ಅಷ್ಟು ಹುಡುಗಿಯರ ಹಗಲುರಾತ್ರಿಗಳಿಂದ ಕೂಡಿದ್ದು 64 ಕಿಲೋ.

ಗುರಿಗಳ ಪಟ್ಟಿಯಲ್ಲಿ ಮೊದಲು ಕ್ಯೋಟೋ ಇತ್ತು. ಜಪಾನಿನ ಹಳೆಯ ರಾಜಧಾನಿ ಬೇಡವೆಂದು ಸ್ಟಿಮ್ಸನ್ ಹಟ ಹಿಡಿದರು. ಗ್ರೋವ್ಸ್ ಮತ್ತೆ ಮತ್ತೆ ಸೇರಿಸಲು ನೋಡಿದರು, ಸ್ಟಿಮ್ಸನ್ ಬಿಡಲಿಲ್ಲ. ಕ್ಯೋಟೋ ಬಿಟ್ಟುಹೋದ ಮೇಲೆ ಪಟ್ಟಿಗೆ ಸೇರಿದ ಹೆಸರು ನಾಗಸಾಕಿ.

ಆಗಸ್ಟ್ 6, ಸೋಮವಾರ. ಬೆಳಿಗ್ಗೆ ಏಳರ ಸುಮಾರಿಗೆ ಹಿರೋಶಿಮಾದಲ್ಲಿ ಅಪಾಯದ ಸೈರನ್ ಕೂಗಿತು. ಬಂದದ್ದು ಹವಾಮಾನ ನೋಡುವ ಒಂದು ವಿಮಾನ. ಏಳೂವರೆಗೆ ಅಪಾಯ ಕಳೆಯಿತೆಂದು ಸೂಚನೆ ಬಂದು ಜನ ಕೆಲಸಕ್ಕೆ ಹೊರಟರು. ಬಾಂಬ್ ದಾಳಿಯಾದರೆ ಬೆಂಕಿ ಹಬ್ಬದಿರಲೆಂದು ಊರ ನಡುವಿನ ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಶಾಲಾಮಕ್ಕಳನ್ನು ಹಚ್ಚಿದ್ದರು, ಸುಮಾರು ಎಂಟು ಸಾವಿರ ಮಕ್ಕಳು. 8.15ಕ್ಕೆ ಎನೋಲಾ ಗೇ ವಿಮಾನ ಬಾಂಬ್ ಬಿಟ್ಟಿತು. ಗುರಿ ಟಿ ಆಕಾರದ ಐಓಯ್ ಸೇತುವೆ. ಸಿಡಿದದ್ದು ಅಲ್ಲಿಗೆ ಹತ್ತಿರದ ಶಿಮಾ ಆಸ್ಪತ್ರೆಯ ನೆತ್ತಿಯ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ. 64 ಕಿಲೋದಲ್ಲಿ ವಿದಳನವಾದದ್ದು ಒಂದು ಕಿಲೋಗಿಂತ ಕಡಿಮೆ. ಅದೇ 15,000 ಟನ್ ಟಿಎನ್‌ಟಿಗೆ ಸಮ. ಬಯಲಿನಲ್ಲಿದ್ದ ಆ ಮಕ್ಕಳಲ್ಲಿ ಸುಮಾರು ಆರು ಸಾವಿರ ಮಂದಿ ಸತ್ತರು. ಊರಿನಲ್ಲಿ ದುಡಿಯಲು ಹಿಡಿದು ತಂದಿದ್ದ ಸಾವಿರಾರು ಕೊರಿಯನ್ನರೂ ಸತ್ತರು. ಮೈಮೇಲೆ ಗಾಯವಿಲ್ಲದೆ ಉಳಿದವರು ಎರಡು ಮೂರು ವಾರದಲ್ಲಿ ಕೂದಲುದುರಿ, ಒಸಡಿನಲ್ಲಿ ರಕ್ತ ಒಸರಿ ಸಾಯತೊಡಗಿದರು. ಆ ವರ್ಷ ಮುಗಿಯುವುದರೊಳಗೆ ಸತ್ತವರು ಸುಮಾರು 1,40,000.

ಮೂರು ದಿನದ ಮೇಲೆ ಎರಡನೆಯ ವಿಮಾನ ಹೊರಟದ್ದು ಕೊಕುರಾ ನಗರಕ್ಕೆ. ಅಲ್ಲಿ ಹೊಗೆ, ಮಬ್ಬು. ಮೂರು ಸುತ್ತು ಹಾಕಿದರೂ ಗುರಿ ಕಾಣದೆ, ಇಂಧನ ಮುಗಿಯುತ್ತ ಬಂದು, ಅದು ನಾಗಸಾಕಿಗೆ ತಿರುಗಿತು. 11.02ಕ್ಕೆ ಉರಾಕಾಮಿ ಕಣಿವೆಯ ಮೇಲೆ ಬಾಂಬ್ ಸಿಡಿಯಿತು. ಜಪಾನಿನ ಅತಿ ದೊಡ್ಡ ಕ್ರೈಸ್ತ ಸಮುದಾಯ ಇದ್ದದ್ದು ಅಲ್ಲೇ. ವರ್ಷದ ಕೊನೆಗೆ ಸತ್ತವರ ಸಂಖ್ಯೆ 70,000 ದಾಟಿತ್ತು.

ಜಪಾನ್ ಮಣಿದದ್ದು ಬಾಂಬಿಗೋ, ಅದೇ ವಾರ ಮಂಚೂರಿಯಾಕ್ಕೆ ನುಗ್ಗಿದ ಸೋವಿಯತ್ ಸೇನೆಗೋ ಎಂಬ ಚರ್ಚೆ ಎಂಬತ್ತು ವರ್ಷದಿಂದ ನಡೆದಿದೆ. ಅದಕ್ಕಿಂತ ಕಡಿಮೆ ಚರ್ಚೆಯಾಗಿರುವುದು ಬಾಂಬ್ ಹಾಕುವ ನಿರ್ಧಾರವನ್ನು ಯಾರು, ಯಾವಾಗ ಮಾಡಿದರೆಂಬುದು. ಕಾಗದಪತ್ರ ನೋಡಿದರೆ ಅಂಥ ಒಂದು ಗಳಿಗೆಯೇ ಕಾಣುವುದಿಲ್ಲ. ಜುಲೈ 25ರ ಲಿಖಿತ ಆದೇಶಕ್ಕೆ ಸಹಿ ಜನರಲ್ ಥಾಮಸ್ ಹ್ಯಾಂಡಿ ಅವರದು, ಕರಡು ಗ್ರೋವ್ಸ್ ಅವರದು. ಆಗಸ್ಟ್ 3ರ ನಂತರ ಹವೆ ನೋಡಿಕೊಂಡು ನಾಲ್ಕರಲ್ಲಿ ಒಂದು ನಗರದ ಮೇಲೆ ಮೊದಲ ಬಾಂಬ್ ಹಾಕುವುದು. ಮುಂದಿನವನ್ನು, ಸಿದ್ಧವಾದ ಹಾಗೆಲ್ಲ, ಹಾಕುತ್ತ ಹೋಗುವುದು. ನಾಗಸಾಕಿಗೆಂದು ಯಾರೂ ಹೊಸದಾಗಿ ಕೂತು ಯೋಚಿಸಬೇಕಾಗಿರಲಿಲ್ಲ. ಹವಾಮಾನದ ಮುನ್ಸೂಚನೆ ಕೆಟ್ಟದ್ದೆಂದು ಆಗಸ್ಟ್ 11ರ ದಾಳಿಯನ್ನು 9ಕ್ಕೆ ತಂದದ್ದೂ ಪೆಸಿಫಿಕ್ ದ್ವೀಪದಲ್ಲಿದ್ದ ಅಧಿಕಾರಿಗಳೇ. ಟ್ರೂಮನ್ ಮಾಡಿದ್ದು ನಡೆಯುತ್ತಿದ್ದುದಕ್ಕೆ ಅಡ್ಡ ಬರದೆ ಉಳಿದದ್ದು ಎಂದು ಮುಂದೆ ಗ್ರೋವ್ಸ್ ಅವರೇ ಬರೆದರು. ಜಂಬದ ಮಾತಾದರೂ ದಾಖಲೆಗೆ ಹತ್ತಿರದ ಮಾತು.

ಆಗಸ್ಟ್ 10ರಂದು ಗ್ರೋವ್ಸ್, ಮುಂದಿನ ಬಾಂಬ್ 17 ಅಥವಾ 18ರ ನಂತರ ಹಾಕಲು ಸಿದ್ಧವಿರುತ್ತದೆ ಎಂದು ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್‌ಗೆ ಬರೆದರು. ಅಧ್ಯಕ್ಷರ ಸ್ಪಷ್ಟ ಅಪ್ಪಣೆಯಿಲ್ಲದೆ ಜಪಾನಿನ ಮೇಲೆ ಹಾಕಕೂಡದು ಎಂದು ಮಾರ್ಷಲ್ ಅದೇ ಹಾಳೆಯ ಮೇಲೆ ಕೈಯಾರೆ ಬರೆದು ಹಿಂದಿರುಗಿಸಿದರು. ಇನ್ನೂ ಒಂದು ಲಕ್ಷ ಜನರನ್ನು ಅಳಿಸಿಹಾಕುವುದು ಯೋಚಿಸಲೂ ಆಗದಷ್ಟು ಘೋರ ಎಂದು ಟ್ರೂಮನ್ ಅಂದಿನ ಸಂಪುಟ ಸಭೆಯಲ್ಲಿ ಹೇಳಿದರೆಂಬುದು ಸಚಿವ ಹೆನ್ರಿ ವಾಲೇಸ್ ಅವರ ದಿನಚರಿಯಲ್ಲಿದೆ. ಅಣ್ವಸ್ತ್ರ ಬಳಸಲು ಅಮೆರಿಕದ ಅಧ್ಯಕ್ಷರ ಅಪ್ಪಣೆಯೇ ಬೇಕೆಂಬ, ಇಂದಿಗೂ ನಡೆದುಬಂದಿರುವ ಕಟ್ಟಳೆ ಶುರುವಾದದ್ದು ಆ ದಿನ, ಎರಡು ನಗರಗಳು ಸುಟ್ಟುಹೋದ ಮೇಲೆ.