ಸೂಡಿಯ ಶಾಸನ ಮತ್ತು ಪ್ರಾಚೀನ ಕರ್ನಾಟಕದ ನ್ಯಾಯಕಲ್ಪನೆ

ಪ್ರಾಚೀನ ಕರ್ನಾಟಕದ ಸ್ತ್ರೀಯರ ಸ್ಥಾನಮಾನವನ್ನು ಚರ್ಚಿಸುವಾಗ ಕಲ್ಯಾಣ ಚಾಲುಕ್ಯರ ಅಕ್ಕಾದೇವಿಯನ್ನು ವಿದ್ವಾಂಸರು ತಪ್ಪದೆ ಸ್ಮರಿಸುತ್ತಾರೆ. ಆದರೆ ಆಕೆಯೊಬ್ಬಳ ನಿದರ್ಶನದಿಂದ ಅಂದಿನ ಸ್ತ್ರೀಸಮುದಾಯಕ್ಕೆಲ್ಲ ನ್ಯಾಯ ದೊರಕಿತ್ತೆಂದು ನಿರ್ಣಯಿಸುವುದು ಎಷ್ಟರಮಟ್ಟಿಗೆ ಸರಿ ಎಂಬುದು ಪುನರ್ವಿಮರ್ಶೆಗೆ ಅರ್ಹವಾದ ಪ್ರಶ್ನೆ.

ಗದಗ ಜಿಲ್ಲೆಯ ರೋಣ ಮತ್ತು ಗಜೇಂದ್ರಗಡಗಳ ನಡುವಿನ ಸೂಡಿಯು ಶಾಸನಗಳಲ್ಲಿ ರಾಜಧಾನಿ ಎನಿಸಿಕೊಂಡಿದೆ. ಐದನೆಯ ವಿಕ್ರಮಾದಿತ್ಯ ಹಾಗೂ ಇಮ್ಮಡಿ ಜಯಸಿಂಹರ ಸೋದರಿಯಾದ ಅಕ್ಕಾದೇವಿಯು ಕ್ರಿ.ಶ. 1010ರ ವೇಳೆಗಾಗಲೇ ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದಳು. 'ಗುಣದ ಬೆಡಂಗಿ' ಎಂಬುದು ಆಕೆಯ ಬಿರುದು. 1047ರಲ್ಲಿ ಆಕೆ ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ್ದಳು.

ನ್ಯಾಯದ ದೃಷ್ಟಿಯಿಂದ ಆಕೆಯ ಯುದ್ಧಗಳಿಗಿಂತಲೂ ಮಹತ್ವದ್ದು ಕ್ರಿ.ಶ. 1050-51ರ ಸೂಡಿಯ ಶಾಸನ. ಚೋಳರೊಡನೆ ನಡೆದ ಯುದ್ಧದಿಂದ ಊರಿನ ಕಟ್ಟಳೆಗಳು ಮುರಿದುಬಿದ್ದಿದ್ದವು. ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಆ ಕಟ್ಟಳೆಯನ್ನು ಅಕ್ಕಾದೇವಿಯ ಆಡಳಿತವು ನವೀಕರಿಸಿಕೊಟ್ಟಿತು. ಇಲ್ಲಿ ಹಕ್ಕು ಪಡೆದದ್ದು ವ್ಯಕ್ತಿಯಲ್ಲ, ಒಕ್ಕಲು ಎಂಬುದು ಗಮನಾರ್ಹ. ಆಳುವವಳು ಸ್ತ್ರೀಯಾದರೂ ಸಾಮಾನ್ಯ ಸ್ತ್ರೀಗೆ ನ್ಯಾಯವು ಮನೆತನದ ಮೂಲಕವೇ ತಲುಪಬೇಕಾಗಿತ್ತು.

ಮನೆತನದೊಳಗಿನ ಹಕ್ಕುಗಳನ್ನು ಅರಿಯಲು ಸೂಡಿಯಿಂದಾಚೆಗಿನ ಆಧಾರಗಳನ್ನೂ ನೋಡಬೇಕಾಗುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ 'ಮಿತಾಕ್ಷರಾ'ವು, ದಾಯವಿಭಾಗವಾದ ಮೇಲೆ ಪುತ್ರರಿಲ್ಲದೆ ಮೃತನಾದವನ ಆಸ್ತಿಗೆ ಆತನ ಸಾಧ್ವಿಯಾದ ಪತ್ನಿಯನ್ನು ವಾರಸುದಾರಳನ್ನಾಗಿ ಮಾಡಿತು. ವಿಜಯಪುರ ಜಿಲ್ಲೆಯ ಮನಗೂಳಿಯ 12ನೆಯ ಶತಮಾನದ ಶಾಸನವೂ ಇಂಥ ಆಸ್ತಿ ಮೊದಲು ಹೆಂಡತಿಗೆ, ಬಳಿಕ ಹೆಣ್ಣುಮಕ್ಕಳಿಗೆ ಸಲ್ಲಬೇಕೆಂದು ವಿಧಿಸುತ್ತದೆ. ಆದರೆ ಆ ಆಸ್ತಿಯ ಪಟ್ಟಿಯಲ್ಲಿ ನಾಣ್ಯ, ಧಾನ್ಯ, ಮನೆ, ಹೊಲಗಳ ಜೊತೆಗೆ ನಾಲ್ಕು ಕಾಲಿನವುಗಳೂ ಎರಡು ಕಾಲಿನವರೂ ಸೇರಿದ್ದಾರೆ. ಎರಡು ಕಾಲಿನವರೆಂದರೆ ದಾಸದಾಸಿಯರು.

ಬಲಾತ್ಕಾರದಿಂದ ದಾಸನಾದವನನ್ನು ಬಿಡುಗಡೆ ಮಾಡಬೇಕೆಂದು 'ಮಿತಾಕ್ಷರಾ'ಕ್ಕೆ ಮೂಲವಾದ ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಅದೇ ಸ್ಮೃತಿಯು ದಾಸ್ಯವು ವರ್ಣಗಳ ಅನುಲೋಮ ಕ್ರಮದಲ್ಲಿ ಸಲ್ಲುತ್ತದೆ, ಪ್ರತಿಲೋಮದಲ್ಲಿ ಸಲ್ಲದು ಎಂದೂ ವಿಧಿಸುತ್ತದೆ. ಗ್ರೀಸಿನ ಅರಿಸ್ಟಾಟಲನು ಗ್ರೀಕೇತರರನ್ನು ದಾಸ್ಯಕ್ಕೆ ಸಹಜವಾಗಿ ತಕ್ಕವರೆಂದು ಭಾವಿಸಿದ್ದನು. ಅಲ್ಲಿ ಜನಾಂಗವು ಎಳೆದ ಗೆರೆಯನ್ನು ಇಲ್ಲಿ ವರ್ಣವು ಎಳೆಯಿತು.

ಆದ್ದರಿಂದ ಪ್ರಾಚೀನ ನ್ಯಾಯವನ್ನು ಲಿಂಗದ ಒಂದೇ ಅಳತೆಯಿಂದ ನೋಡಿದರೆ ಚಿತ್ರ ಅಪೂರ್ಣವಾಗುತ್ತದೆ. ಮನೆಯ ವಿಧವೆ ಆಸ್ತಿಗೆ ಒಡತಿಯಾದಾಗ ಅದೇ ಮನೆಯ ದಾಸಿ ಆಸ್ತಿಯ ಭಾಗವಾಗಿಯೇ ಉಳಿದಳು. ಇದರಿಂದ ಅಕ್ಕಾದೇವಿಯ ಹಿರಿಮೆಗೆ ಕುಂದಿಲ್ಲ. ಆ ಹಿರಿಮೆ ಯಾರ ಬದುಕನ್ನು ತಲುಪಿತು, ಯಾರನ್ನು ತಲುಪಲಿಲ್ಲ ಎಂಬುದನ್ನು ಶಾಸನಗಳೇ ತಿಳಿಸುತ್ತವೆ.